ಮನಸ್ಸಿಗೆ ಗಡಿಯಾರ ಹಿಡಿದವರು

ಒಂದು ಸೆಕೆಂಡು ಕೂಡ ತುಂಬದ ವ್ಯತ್ಯಾಸ. ಅಷ್ಟಕ್ಕೇ ಇಂಗ್ಲೆಂಡಿನಲ್ಲಿ ಒಬ್ಬ ಯುವಕನ ಕೆಲಸ ಹೋಯಿತು. ಆ ವ್ಯತ್ಯಾಸದ ಬೆನ್ನುಹತ್ತಿ ಹೋದವರು ಒಂದು ಶತಮಾನ ಕಳೆಯುವುದರೊಳಗೆ ಮನುಷ್ಯನ ಮನಸ್ಸಿಗೇ ಅಳತೆಗೋಲು ಹಿಡಿದರು!

1796ನೇ ಇಸವಿ. ಗ್ರೀನಿಚ್ ವೀಕ್ಷಣಾಲಯ. ಖಗೋಳವಿಜ್ಞಾನಿ ನೆವಿಲ್ ಮ್ಯಾಸ್ಕೆಲಿನ್ ಮತ್ತು ಅವರ ಸಹಾಯಕ ಡೇವಿಡ್ ಕಿನ್ನೆಬ್ರೂಕ್ ಮಾಡುತ್ತಿದ್ದದ್ದು ಒಂದೇ ಕೆಲಸ. ದೂರದರ್ಶಕದೊಳಗೆ ನೆಟ್ಟಗೆ ಬಿಗಿದ ಸಣ್ಣ ತಂತಿಗಳಿರುತ್ತವೆ. ನಕ್ಷತ್ರ ನಿಧಾನವಾಗಿ ಸರಿಯುತ್ತ ಬಂದು ತಂತಿಯನ್ನು ದಾಟುವ ಹೊತ್ತನ್ನು ಬರೆದಿಡಬೇಕು. ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಟಿಕ್ ಟಿಕ್ ಮೇಲೆ. ಹಿಂದಿನ ಟಿಕ್ ಆದಾಗ ನಕ್ಷತ್ರ ತಂತಿಯಿಂದ ಎಷ್ಟು ಈಚೆಗಿತ್ತು, ಮುಂದಿನ ಟಿಕ್‌ಗೆ ಎಷ್ಟು ಆಚೆಗೆ ಹೋಯಿತು ಎಂದು ನೋಡಿ, ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಅಂದಾಜು ಕಟ್ಟಬೇಕು. ಕಿನ್ನೆಬ್ರೂಕ್ ಬರೆದ ಹೊತ್ತು ಮ್ಯಾಸ್ಕೆಲಿನ್ ಬರೆದದ್ದಕ್ಕಿಂತ ಸುಮಾರು 0.8 ಸೆಕೆಂಡು ತಡವಾಗಿರುತ್ತಿತ್ತು. ಎಚ್ಚರಿಸಿದರೂ ಸರಿಹೋಗಲಿಲ್ಲ. ಅವನನ್ನು ಕೆಲಸದಿಂದ ತೆಗೆದರು.

ಸುಮಾರು ಎರಡು ದಶಕಗಳಾದ ಮೇಲೆ ಕ್ಯೋನಿಗ್ಸ್‌ಬರ್ಗ್‌ನ ಖಗೋಳವಿಜ್ಞಾನಿ ಫ್ರೀಡ್ರಿಕ್ ಬೆಸೆಲ್ ಕಣ್ಣಿಗೆ ಈ ಹಳೆಯ ದಾಖಲೆ ಬಿತ್ತು. ಎಲ್ಲರೂ ಓದಿ ಬದಿಗಿಡುವ ಸಂಗತಿ ಅದು. ಬೆಸೆಲ್ ಬದಿಗಿಡಲಿಲ್ಲ. ಒಬ್ಬ ಶ್ರದ್ಧಾವಂತ ಕೆಲಸಗಾರ ದಿನವೂ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಪ್ಪುತ್ತಿದ್ದರೆ ಅದು ಅಜಾಗರೂಕತೆ ಹೇಗಾದೀತು? ಅವರು ಇತರ ಖಗೋಳವಿಜ್ಞಾನಿಗಳ ಜತೆ ಕುಳಿತು ಅದೇ ನಕ್ಷತ್ರಗಳನ್ನು ನೋಡಿ, ಲೆಕ್ಕ ಹೋಲಿಸಿದರು. ನುರಿತ ಇಬ್ಬರು ವೀಕ್ಷಕರ ನಡುವೆಯೇ ಒಂದು ಸೆಕೆಂಡಿಗೂ ಮೀರಿದ ಅಂತರ! ನಕ್ಷತ್ರ ಒಂದೇ, ಗಡಿಯಾರ ಒಂದೇ. ಬೇರೆಯಾಗಿದ್ದದ್ದು ನೋಡುವ ಮನಸ್ಸು. ಪ್ರತಿಯೊಬ್ಬನ ಮನಸ್ಸಿಗೂ ತನ್ನದೇ ಒಂದು ವೇಗ ಇದೆ, ಅದನ್ನು ಅಂಕಿಯಲ್ಲಿ ಬರೆಯಬಹುದು ಎಂಬ ಬೆರಗಿನ ಸುದ್ದಿ ಮೊದಲು ಬಂದದ್ದು ಹೀಗೆ, ಆಕಾಶ ನೋಡುತ್ತಿದ್ದವರಿಂದ.

ಅಲ್ಲಿಂದ ಕಥೆ ಓಡತೊಡಗುತ್ತದೆ. ಆ ಕಾಲದ ಶ್ರೇಷ್ಠ ಶರೀರವಿಜ್ಞಾನಿ ಯೊಹಾನೆಸ್ ಮ್ಯುಲ್ಲರ್ ಅವರಿಗೆ ನರದ ಸಂದೇಶದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲ ಎನಿಸಿತ್ತು. ಅವರದೇ ಶಿಷ್ಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಅಳೆದೇ ಬಿಟ್ಟರು. ಕಪ್ಪೆಯ ಕಾಲಿನ ನರ. ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರದಲ್ಲಿ ಆ ನರಕ್ಕೆ ವಿದ್ಯುತ್ ಮುಟ್ಟಿಸಿ, ಸ್ನಾಯು ಕುಗ್ಗಲು ಹಿಡಿದ ಹೊತ್ತುಗಳನ್ನು ಕಳೆದರು. ಬಂದ ಉತ್ತರ ಸೆಕೆಂಡಿಗೆ 27 ಮೀಟರ್ ಆಸುಪಾಸು, ಹೆದ್ದಾರಿಯಲ್ಲಿ ಓಡುವ ಕಾರಿನ ವೇಗ. ಮಿಂಚಿನ ಹಾಗೆ ಎಂದುಕೊಂಡಿದ್ದ ಮನಸ್ಸಿನ ದೂತ ಶಬ್ದಕ್ಕಿಂತಲೂ ಎಷ್ಟೋ ನಿಧಾನ! 1868ರಲ್ಲಿ ಉಟ್ರೆಕ್ಟ್‌ನ ಎಫ್. ಸಿ. ಡೊಂಡರ್ಸ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಯಾವ ಕಾಲಿಗೆ ಸೂಚನೆ ಬರುತ್ತದೆಂದು ಮೊದಲೇ ಗೊತ್ತಿದ್ದಾಗ ಆ ಬದಿಯ ಕೈ ಆಡಿಸಲು ಇಷ್ಟು ಹೊತ್ತು. ಎಡವೋ ಬಲವೋ ಗೊತ್ತಿಲ್ಲದೆ ಆಗಲೇ ತೀರ್ಮಾನಿಸಬೇಕಾದಾಗ ಇಷ್ಟು ಹೊತ್ತು. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು ಬರೀ ‘ತೀರ್ಮಾನ’ಕ್ಕೆ ಹಿಡಿದ ಸಮಯ. ಸೆಕೆಂಡಿನ ಹದಿನೈದನೇ ಒಂದು ಭಾಗ. ಒಂದು ಪುಟ್ಟ ನಿರ್ಧಾರದ ಉದ್ದವನ್ನು ಮನುಷ್ಯ ಬರೀ ವ್ಯವಕಲನದಿಂದ ಕಂಡುಹಿಡಿದಿದ್ದ.

ಇದನ್ನು ನೀವೂ ಈಗಲೇ ಮಾಡಿ ನೋಡಬಹುದು. ಸ್ನೇಹಿತರೊಬ್ಬರು 30 ಸೆಂಟಿಮೀಟರಿನ ಸ್ಕೇಲನ್ನು ಮೇಲ್ತುದಿಯಲ್ಲಿ ಹಿಡಿದು ನೇತಾಡಿಸಲಿ. ಸೊನ್ನೆಯ ಗುರುತಿನ ಬಳಿ ನಿಮ್ಮ ಹೆಬ್ಬೆರಳು, ತೋರುಬೆರಳು ತೆರೆದಿರಲಿ. ಅವರು ಹೇಳದೆ ಬಿಡಬೇಕು, ನೀವು ಹಿಡಿಯಬೇಕು. 20 ಸೆಂಟಿಮೀಟರಿನಲ್ಲಿ ಹಿಡಿದಿರಾದರೆ ಕಣ್ಣು ಕಂಡು, ಮಿದುಳು ತಿಳಿದು, ಬೆರಳು ಮುಚ್ಚಲು ತೆಗೆದುಕೊಂಡ ಸಮಯ ಸೆಕೆಂಡಿನ ಐದನೇ ಒಂದು ಭಾಗ. ನಿಮ್ಮ ಮನಸ್ಸು ಕಳೆದ ಹೊತ್ತು ಸ್ಕೇಲಿನ ಮೇಲೆ ಬರೆದಿಟ್ಟಂತೆ ಕಾಣುತ್ತದೆ!

ಲೈಪ್‌ಜಿಗ್‌ನ ಕೋಣೆಗಳು

1879ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾಲಯದ ಹಳೆಯ ಕಟ್ಟಡವೊಂದರಲ್ಲಿ ವಿಲ್ಹೆಲ್ಮ್ ವುಂಟ್ ಮನೋವಿಜ್ಞಾನಕ್ಕೆಂದೇ ಪ್ರಯೋಗಾಲಯ ತೆರೆದರು. ಮನೋವಿಜ್ಞಾನದ ಎಲ್ಲ ಪಠ್ಯಪುಸ್ತಕಗಳೂ ಹುಟ್ಟುಹಬ್ಬದಂತೆ ನೆನೆಯುವ ಇಸವಿ ಅದು. ಅಲ್ಲಿಯವರೆಗೆ ಮನಸ್ಸು ತತ್ವಜ್ಞಾನಿಗಳ ಸೊತ್ತು. ಅದರ ಬಗ್ಗೆ ವಾದಿಸಬಹುದಿತ್ತು, ಪರೀಕ್ಷಿಸುವಂತಿರಲಿಲ್ಲ. ಈಗ ಮೇಜಿನ ಮೇಲೆ ಲೋಲಕಗಳು, ವಿದ್ಯುತ್ ಕೀಲಿಗಳು, ಸೆಕೆಂಡಿನ ಸಾವಿರದಲ್ಲೊಂದು ಭಾಗವನ್ನೂ ತೋರಿಸುವ ಹಿಪ್ ಕ್ರೊನೊಸ್ಕೋಪ್ ಎಂಬ ಗಡಿಯಾರ ಬಂದು ಕುಳಿತವು. ಒಬ್ಬ ವಿದ್ಯಾರ್ಥಿ ಸದ್ದು ಮಾಡುತ್ತಾನೆ, ಇನ್ನೊಬ್ಬ ಕೇಳಿದ ಕೂಡಲೇ ಕೀಲಿ ಒತ್ತುತ್ತಾನೆ. ಆಮೇಲೆ ನಿಯಮ ಬದಲು: ಸದ್ದು ಕೇಳಿದಾಗಲ್ಲ, ‘ನಾನು ಕೇಳಿದೆ’ ಎಂಬುದು ಸ್ಪಷ್ಟವಾಗಿ ಅರಿವಿಗೆ ಬಂದಾಗ ಮಾತ್ರ ಒತ್ತಬೇಕು. ಆಗ ಹಿಡಿಯುವ ಹೊತ್ತು ಹೆಚ್ಚು! ಕೇಳುವುದು ಬೇರೆ, ಕೇಳಿದೆನೆಂದು ಅರಿಯುವುದು ಬೇರೆ. ಎರಡರ ನಡುವೆ ಅಳೆಯಬಹುದಾದಷ್ಟು ಅಂತರವಿದೆ.

ಲೋಕದ ಮೂಲೆಮೂಲೆಯಿಂದ ಯುವಕರು ಲೈಪ್‌ಜಿಗ್‌ಗೆ ಬಂದರು. ಅವರಲ್ಲೊಬ್ಬರಾದ ಎಡ್ವರ್ಡ್ ಟಿಚೆನರ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ ರಚನಾವಾದವನ್ನು ಕಟ್ಟಿದರು. ಅನುಭವವನ್ನು ಅದರ ಮೂಲಾಂಶಗಳಿಗೆ ಬಿಡಿಸಬೇಕು. ಅದಕ್ಕೆ ತರಬೇತಿ ಪಡೆದ ವೀಕ್ಷಕ ತನ್ನೊಳಗೆ ತಾನೇ ನೋಡಿಕೊಂಡು ವರದಿ ಕೊಡಬೇಕು. ಇದು ಅಂತರವಲೋಕನ ವಿಧಾನ. ಇದಕ್ಕೆ ಎದುರಾಗಿ ಹಾರ್ವರ್ಡ್‌ನ ವಿಲಿಯಂ ಜೇಮ್ಸ್ ಬೇರೆಯದೇ ದಾರಿ ತೋರಿದರು. ಎರಡು ವರ್ಷದಲ್ಲಿ ಮುಗಿಸುತ್ತೇನೆಂದು 1878ರಲ್ಲಿ ಒಪ್ಪಿಕೊಂಡ ಪುಸ್ತಕವನ್ನು ಅವರು ಮುಗಿಸಿದ್ದು ಹನ್ನೆರಡು ವರ್ಷಗಳ ನಂತರ, 1890ರಲ್ಲಿ. ಎರಡು ಸಂಪುಟಗಳ ಆ ಮಹಾಗ್ರಂಥದಲ್ಲಿ ಮನಸ್ಸು ಬಿಡಿಬಿಡಿ ತುಣುಕುಗಳ ರಾಶಿಯಲ್ಲ, ತಡೆಯಿಲ್ಲದೆ ಹರಿಯುವ ಪ್ರವಾಹ. ಅದು ಯಾವುದರಿಂದ ಆಗಿದೆ ಎಂಬುದಕ್ಕಿಂತ ಯಾತಕ್ಕಾಗಿ ಇದೆ, ಬದುಕಲು ಹೇಗೆ ನೆರವಾಗುತ್ತದೆ ಎಂದು ಕೇಳಬೇಕು ಎಂದರು ಜೇಮ್ಸ್. ಡಾರ್ವಿನ್ ಗಾಳಿ ಬೀಸುತ್ತಿದ್ದ ಕಾಲ. ಕಾರ್ಯವಾದ ಹುಟ್ಟಿದ್ದು ಆ ಪ್ರಶ್ನೆಯಿಂದ.

ಈ ಪಂಥಗಳ ಹೆಸರುಗಳನ್ನು ಪರೀಕ್ಷೆಗೆಂದು ಉರುಹೊಡೆದವರಿಗೆ ಅವುಗಳ ನಿಜವಾದ ರೋಮಾಂಚನ ಕಾಣದೇ ಹೋಗಿರಬಹುದು. ಒಂದೊಂದು ಪಂಥವೂ ಮನಸ್ಸಿಗೆ ಹೊಸದೊಂದು ಪ್ರಶ್ನೆ ಕೇಳಿತು, ಅದನ್ನು ಕೇಳಲು ಹೊಸದೊಂದು ವಿಧಾನವನ್ನೇ ಸೃಷ್ಟಿಸಬೇಕಾಯಿತು. ಉತ್ತರಗಳು ಎಷ್ಟೋ ಸಲ ಹಳತಾದವು. ಕೇಳುವ ಕಲೆ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಹರಿತವಾಗುತ್ತಲೇ ಬಂತು.

ಒಬ್ಬನೇ ಮನುಷ್ಯ, 2,300 ಅರ್ಥವಿಲ್ಲದ ಉಚ್ಚಾರಗಳು

ಹರ್ಮನ್ ಎಬಿಂಗ್‌ಹೌಸ್ ಕೈಗೆತ್ತಿಕೊಂಡದ್ದು ನೆನಪನ್ನು. ಪ್ರಯೋಗಾಲಯವಿಲ್ಲ, ಸಹಾಯಕರಿಲ್ಲ, ಪ್ರಯೋಗಕ್ಕೆ ಒಪ್ಪುವ ಜನರಿಲ್ಲ. ಆದ್ದರಿಂದ ತಮ್ಮ ಮೇಲೆಯೇ ಪ್ರಯೋಗ! ಆದರೆ ಎದುರಿಗೊಂದು ತೊಡಕಿತ್ತು. ಪದ್ಯವನ್ನೋ ಗದ್ಯವನ್ನೋ ಬಾಯಿಪಾಠ ಮಾಡಿದರೆ ಅದರ ಅರ್ಥ, ಹಳೆಯ ಪರಿಚಯ, ಇಷ್ಟಾನಿಷ್ಟ ಎಲ್ಲವೂ ಸೇರಿಕೊಳ್ಳುತ್ತವೆ. ಅಳತೆ ಕೆಡುತ್ತದೆ. ಅವರು ಕಂಡುಕೊಂಡ ಉಪಾಯ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಎರಡು ವ್ಯಂಜನ, ನಡುವೆ ಒಂದು ಸ್ವರ ಸೇರಿಸಿ ಸುಮಾರು 2,300 ಅರ್ಥಹೀನ ಉಚ್ಚಾರಗಳನ್ನು ತಯಾರಿಸಿದರು. ಸಾಲಾಗಿ ಜೋಡಿಸಿ, ನಿಮಿಷಕ್ಕೆ 150 ಬಡಿತದ ಲಯಕ್ಕೆ ಸರಿಯಾಗಿ, ದನಿ ಏರಿಳಿಸದೆ ಓದಿದರು. ಒಂದೂ ತಪ್ಪಿಲ್ಲದೆ ಒಪ್ಪಿಸುವವರೆಗೆ ಓದುವುದು. ಬಿಡುವು. ಮತ್ತೆ ಅದೇ ಸಾಲನ್ನು ಕಲಿಯುವುದು. ದಿನದಲ್ಲಿ ಕೂರುವ ಹೊತ್ತು ಕೂಡ ಬದಲಾಗದಂತೆ ನೋಡಿಕೊಂಡರು. ಹೀಗೆ ಒಂದಲ್ಲ, ಎರಡು ಸುತ್ತು. 1879-80ರಲ್ಲಿ ಒಮ್ಮೆ, 1883-84ರಲ್ಲಿ ಇನ್ನೊಮ್ಮೆ.

‘ಎಷ್ಟು ನೆನಪಿದೆ’ ಎಂದು ಅವರು ಕೇಳಿಕೊಳ್ಳಲಿಲ್ಲ. ಮರುಕಲಿಕೆಯಲ್ಲಿ ಎಷ್ಟು ಹೊತ್ತು ಉಳಿಯಿತು ಎಂದು ಲೆಕ್ಕ ಹಾಕಿದರು. ಮೊದಲ ಸಲ 1,000 ಸೆಕೆಂಡು ಬೇಕಾಗಿ, ಮರುಸಲ 420 ಸಾಕಾದರೆ ಉಳಿತಾಯ ಶೇಕಡ 58. ನಾಲಿಗೆಗೆ ಬಾರದ, ಮರೆತೇ ಹೋಯಿತೆಂದುಕೊಂಡ ನೆನಪನ್ನೂ ಈ ವಿಧಾನ ಹಿಡಿದುಬಿಡುತ್ತದೆ! ಫಲಿತಾಂಶ ನೋಡಿ: 20 ನಿಮಿಷದ ನಂತರ ಉಳಿತಾಯ ಸುಮಾರು ಶೇಕಡ 58, ಒಂದು ಗಂಟೆಗೆ 44, ಒಂದು ದಿನಕ್ಕೆ 34, ಆರು ದಿನಕ್ಕೆ 25, 31 ದಿನಕ್ಕೆ 21. ನೆನಪು ಮೊದಲ ಗಂಟೆಯಲ್ಲಿ ಧಡಾರನೆ ಇಳಿಯುತ್ತದೆ, ಆಮೇಲೆ ಇಳಿತ ನಿಧಾನವಾಗುತ್ತದೆ. ಓದಿದ್ದನ್ನು ಬೇಗ ಒಮ್ಮೆ ಮೆಲುಕು ಹಾಕು ಎಂದು ಮೇಷ್ಟ್ರು ಹೇಳುವ ಮಾತಿಗೆ 1885ರಲ್ಲೇ ಅಂಕಿಯ ಆಧಾರ ಸಿಕ್ಕಿತ್ತು.

ಇನ್ನೊಂದು ಬೆರಗು ಇದರ ಬಾಲಕ್ಕಿದೆ. ನೂರಮೂವತ್ತು ವರ್ಷಗಳ ನಂತರ ಆಮ್‌ಸ್ಟರ್‌ಡಾಮ್‌ನಲ್ಲಿ ಒಬ್ಬ ಸಂಶೋಧಕ ಸುಮಾರು 70 ಗಂಟೆ ಕುಳಿತು ಅದೇ ಬಗೆಯ ಸಾಲುಗಳನ್ನು ಕಲಿತರು, ಮರೆತರು, ಮತ್ತೆ ಕಲಿತರು. 2015ರಲ್ಲಿ ಪ್ರಕಟವಾದ ಅವರ ರೇಖೆ ಎಬಿಂಗ್‌ಹೌಸ್ ರೇಖೆಯನ್ನೇ ಹೋಲುತ್ತಿತ್ತು. ಒಬ್ಬ ಮನುಷ್ಯ ಒಂಟಿಯಾಗಿ ಕುಳಿತು ತನ್ನ ಮರೆವನ್ನು ಅಳೆದದ್ದು ಒಂದೂಕಾಲು ಶತಮಾನ ದಾಟಿ ಬಾಳಿತು!

ಲೆಕ್ಕ ಬಲ್ಲ ಕುದುರೆಯ ಗುಟ್ಟು

1904ರಲ್ಲಿ ಬರ್ಲಿನ್ ಪೂರ್ತಿ ಒಂದು ಕುದುರೆಯ ಮಾತಾಡುತ್ತಿತ್ತು. ಹೆಸರು ಹ್ಯಾನ್ಸ್. ನಿವೃತ್ತ ಶಾಲಾ ಶಿಕ್ಷಕ ವಿಲ್ಹೆಲ್ಮ್ ಫಾನ್ ಓಸ್ಟೆನ್ ಅದಕ್ಕೆ ವರ್ಷಗಟ್ಟಲೆ ತಾಳ್ಮೆಯಿಂದ ಪಾಠ ಹೇಳಿದ್ದರು. ಕೂಡಿಸು ಎಂದರೆ ಕೂಡಿಸಿ, ಭಿನ್ನರಾಶಿ ಕೇಳಿದರೆ ಬಿಡಿಸಿ, ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಯಜಮಾನ ಅಲ್ಲಿಲ್ಲದಿದ್ದರೂ, ಅಪರಿಚಿತರು ಕೇಳಿದರೂ ಉತ್ತರ ಸರಿ. ಪ್ರಸಿದ್ಧ ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಅವರೂ ಇದ್ದ ತಜ್ಞರ ತಂಡ ಬಂದು ನೋಡಿತು. ಮೋಸದ ಸುಳಿವೇ ಸಿಗಲಿಲ್ಲ!

ಆಗ ಸ್ಟುಂಫ್ ಅವರ ಶಿಷ್ಯ ಆಸ್ಕರ್ ಫುಂಗ್ಸ್ಟ್ ಅಂಗಳಕ್ಕಿಳಿದರು. ಅವರು ಮಾಡಿದ್ದು ಸರಳ, ಆದರೆ ಅಷ್ಟೇ ಅದ್ಭುತ. ಇಬ್ಬರು ಕುದುರೆಯ ಕಿವಿಯಲ್ಲಿ ಒಂದೊಂದು ಸಂಖ್ಯೆ ಪಿಸುಗುಟ್ಟಬೇಕು, ಒಬ್ಬರದು ಇನ್ನೊಬ್ಬರಿಗೆ ತಿಳಿಯಬಾರದು. ಹ್ಯಾನ್ಸ್ ಅವನ್ನು ಕೂಡಿಸಬೇಕು. ಉತ್ತರ ಈಗ ಅಲ್ಲಿದ್ದ ಯಾವ ಮನುಷ್ಯನಿಗೂ ಗೊತ್ತಿಲ್ಲ. ಹ್ಯಾನ್ಸ್ ಸೋತಿತು. ಕಣ್ಣಿನ ಪಕ್ಕ ಪಟ್ಟಿ ಕಟ್ಟಿ, ಕೇಳುವವರು ಕಾಣದಂತೆ ಮಾಡಿದಾಗಲೂ ಸೋತಿತು. ಹಾಗಾದರೆ ಕುದುರೆ ನೋಡುತ್ತಿರುವುದು ಏನನ್ನು? ಫುಂಗ್ಸ್ಟ್ ಈಗ ಕುದುರೆಯನ್ನು ಬಿಟ್ಟು ಮನುಷ್ಯರನ್ನು ದಿಟ್ಟಿಸತೊಡಗಿದರು. ಪ್ರಶ್ನೆ ಕೇಳಿದವರು ಗೊರಸು ನೋಡಲು ತಮಗರಿವಿಲ್ಲದೆ ತಲೆ ತುಸು ಬಾಗಿಸುತ್ತಿದ್ದರು, ಕುದುರೆ ಬಡಿಯತೊಡಗುತ್ತಿತ್ತು. ಸರಿಯುತ್ತರದ ಬಡಿತ ಬಂದೊಡನೆ ಅವರ ಬಿಗಿ ಸಡಿಲಿ ತಲೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು, ಕುದುರೆ ನಿಲ್ಲಿಸುತ್ತಿತ್ತು. ಕೆಲವೊಮ್ಮೆ ಆ ಚಲನೆ ಒಂದು ಮಿಲಿಮೀಟರು ಕೂಡ ಇರುತ್ತಿರಲಿಲ್ಲ! ಫಾನ್ ಓಸ್ಟೆನ್ ಯಾರಿಗೂ ಮೋಸ ಮಾಡಿರಲಿಲ್ಲ. ಅವರಿಗೂ ಇದು ತಿಳಿದಿರಲಿಲ್ಲ.

ಫುಂಗ್ಸ್ಟ್ ಇಲ್ಲಿಗೇ ನಿಲ್ಲಲಿಲ್ಲ. ಪ್ರಯೋಗಾಲಯದಲ್ಲಿ ತಾವೇ ಕುದುರೆಯ ಜಾಗದಲ್ಲಿ ಕುಳಿತರು. ಎದುರಿಗಿದ್ದವರು ಮನಸ್ಸಿನಲ್ಲಿ ಒಂದು ಸಂಖ್ಯೆ ಅಂದುಕೊಳ್ಳಬೇಕು, ಇವರು ಕೈಯಿಂದ ಬಡಿಯುತ್ತ ಹೋಗಿ ಅವರ ತಲೆ ಮಿಸುಕಿದ ಕಡೆ ನಿಲ್ಲಿಸಬೇಕು. ಉತ್ತರ ಮತ್ತೆ ಮತ್ತೆ ಸರಿ! ಗುಟ್ಟು ಗೊತ್ತಾದ ಮೇಲೂ ತಮ್ಮ ತಲೆಯ ಆ ಚಲನೆಯನ್ನು ತಡೆಹಿಡಿಯಲು ಅವರಿಗೇ ಆಗಲಿಲ್ಲ.

1907ರಲ್ಲಿ ಬಂದ ಅವರ ವರದಿಯ ಬೆಳಕು ಇಂದಿಗೂ ಔಷಧ ಪರೀಕ್ಷೆಗಳ ಮೇಲೆ ಬೀಳುತ್ತಿದೆ. ಪ್ರಯೋಗ ಮಾಡುವವರ ನಿರೀಕ್ಷೆ ತಾನೇ ತಾನಾಗಿ ಸೋರಿ ಫಲಿತಾಂಶಕ್ಕೆ ಬಣ್ಣ ಬಳಿದುಬಿಡುತ್ತದೆ. ಆದ್ದರಿಂದಲೇ ಯಾರಿಗೆ ಔಷಧ, ಯಾರಿಗೆ ಬರೀ ಸಕ್ಕರೆ ಗುಳಿಗೆ ಎಂಬುದು ಕೊಡುವವರಿಗೂ ತೆಗೆದುಕೊಳ್ಳುವವರಿಗೂ ತಿಳಿಯಬಾರದು. ಹೀಗೆ ಎರಡೂ ಕಡೆ ಕಣ್ಣು ಕಟ್ಟುವ ವಿಧಾನ ಯಾಕೆ ಬೇಕೆಂಬುದಕ್ಕೆ ಹ್ಯಾನ್ಸ್‌ಗಿಂತ ಚೆಂದದ ಸಾಕ್ಷಿ ಇನ್ನೊಂದಿಲ್ಲ.

ಹೊರಗೆ ಕಾಣುವುದಷ್ಟೇ ಸಾಕು ಎಂದವರು

ಅದೇ 1904ರಲ್ಲಿ ರಷ್ಯಾದ ಇವಾನ್ ಪಾವ್ಲೋವ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಆದರೆ ಅವರ ನಾಯಿಗಳು ಊಟ ಬಾಯಿಗೆ ಬೀಳುವ ಮೊದಲೇ, ಊಟದ ಸೂಚನೆ ಸಿಕ್ಕಿದೊಡನೆ ಜೊಲ್ಲು ಸುರಿಸುತ್ತಿದ್ದವು! ಅಳೆಯಬೇಕಾದ ಕೆಲಸಕ್ಕೆ ಅಡ್ಡಿಯೆನಿಸಿದ ಸಂಗತಿಯನ್ನೇ ಪಾವ್ಲೋವ್ ಕೆಲಸವಾಗಿ ಹಿಡಿದರು. ಮೆಟ್ರೊನೋಮಿನ ಸದ್ದಿನ ಬೆನ್ನಿಗೇ ಊಟ, ಮತ್ತೆ ಮತ್ತೆ. ಕೊನೆಗೆ ಬರೀ ಸದ್ದಿಗೇ ಜೊಲ್ಲು, ಹನಿ ಎಣಿಸಿ ಹೇಳುವಷ್ಟು ನಿಖರವಾಗಿ. ಕಲಿಕೆ ಎಂಬ ಕಾಣದ ಸಂಗತಿ ಹನಿಹನಿಯಾಗಿ ಕೊಳವೆಯಲ್ಲಿ ಬೀಳುತ್ತಿತ್ತು.

1913ರಲ್ಲಿ ಜಾನ್ ವಾಟ್ಸನ್ ವರ್ತನಾವಾದದ ಬಾವುಟ ಹಾರಿಸಿದರು. ಒಳಗೆ ನೋಡಿ ವರದಿ ಕೊಡುವುದನ್ನು ಬಿಡಿ, ಎಲ್ಲರಿಗೂ ಕಾಣುವ ವರ್ತನೆಯನ್ನು ಮಾತ್ರ ಅಳೆಯಿರಿ. ಆದರೆ 1920ರಲ್ಲಿ ಅವರೂ ರೊಸಾಲಿ ರೇನರ್ ಅವರೂ ವರ್ಷ ತುಂಬದ ಒಂದು ಮಗುವಿಗೆ ಬಿಳಿ ಇಲಿ ತೋರಿಸುತ್ತ, ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದು, ಇಲಿಯ ಭಯ ಕಲಿಸಿದರು. ಭಯವೂ ಕಲಿತದ್ದಾಗಿರಬಹುದು ಎಂದು ತೋರಿಸಿದ ಪ್ರಯೋಗ ಅದು. ಜೊತೆಗೇ, ತಿಳಿವಿಗಾಗಿ ಯಾರನ್ನೂ ನೋಯಿಸಬಾರದು ಎಂಬ ಎಚ್ಚರ ಎಷ್ಟು ಅಗತ್ಯ ಎಂದೂ ತೋರಿಸಿತು. ಇಂದು ಅದಕ್ಕೆ ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡದು. 1924ರಲ್ಲಿ ಮೇರಿ ಕವರ್ ಜೋನ್ಸ್ ಅದೇ ತತ್ವವನ್ನು ತಿರುಗಿಸಿದರು. ಮೊಲ ಕಂಡರೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲವನ್ನು ದಿನದಿಂದ ದಿನಕ್ಕೆ ಇಷ್ಟಿಷ್ಟೇ ಹತ್ತಿರ ತಂದರು. ಭಯ ಕರಗಿತು! ಇಂದು ಭೀತಿರೋಗಗಳಿಗೆ ಕೊಡುವ ವರ್ತನಾ ಚಿಕಿತ್ಸೆಯ ಬೇರು ಅಲ್ಲಿದೆ.

ಇಲ್ಲದ ಚಲನೆ ಕಂಡವರು

1910. ಮನೋವಿಜ್ಞಾನಿ ಮ್ಯಾಕ್ಸ್ ವರ್ಥೈಮರ್ ರಜೆಗೆಂದು ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಒಂದು ವಿಚಾರ ಹೊಳೆಯಿತು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು, ಚಿತ್ರಗಳು ಓಡಿದಂತೆ ಕಾಣುವ ಮಕ್ಕಳ ಆಟಿಕೆಯೊಂದನ್ನು ಕೊಂಡು, ಅದನ್ನು ತಿರುಗಿಸುತ್ತ ಕುಳಿತರು. ರಜೆ ಅಲ್ಲಿಗೆ ಮುಗಿಯಿತು, ಅನುಭವವನ್ನು ಇಡಿಯಾಗಿ ನೋಡುವ ಗೆಸ್ಟಾಲ್ಟ್ ಪಂಥ ಶುರುವಾಯಿತು! ವುಲ್ಫ್‌ಗ್ಯಾಂಗ್ ಕೋಲರ್ ಮತ್ತು ಕುರ್ಟ್ ಕೊಫ್ಕಾ ಅವರನ್ನು ಕೂರಿಸಿ, ಎರಡು ಗೆರೆಗಳನ್ನು ಒಂದಾದ ಮೇಲೊಂದು ತೋರಿಸಿದರು. ನಡುವಿನ ಬಿಡುವು ಸೆಕೆಂಡಿನ ಸಾವಿರದಲ್ಲಿ 200 ಭಾಗವಿದ್ದರೆ ಒಂದು ಬಂತು, ಇನ್ನೊಂದು ಬಂತು ಎನಿಸುತ್ತದೆ. 30 ಭಾಗವಿದ್ದರೆ ಎರಡೂ ಒಟ್ಟಿಗೆ ಇರುವಂತೆ. 60ರ ಆಸುಪಾಸಿನಲ್ಲಿ ಮಾತ್ರ ಪವಾಡ: ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ಕಾಣುತ್ತದೆ! ಅಲ್ಲಿ ಯಾವುದೂ ಸರಿದಿಲ್ಲ. ಎರಡು ನಿಂತ ಗೆರೆಗಳಲ್ಲಿ ಎಲ್ಲಿಯೂ ಇಲ್ಲದ ಚಲನೆಯನ್ನು ಮನಸ್ಸು ತಾನೇ ಕಟ್ಟಿತು. ಅನುಭವವನ್ನು ತುಂಡು ತುಂಡಾಗಿ ಬಿಡಿಸಿದರೆ ಅದರ ಜೀವಾಳವೇ ಕಳೆದುಹೋಗುತ್ತದೆ ಎಂದು ಅವರ 1912ರ ಪ್ರಬಂಧ ಸಾರಿತು. ಸೆಕೆಂಡಿಗೆ 24 ನಿಶ್ಚಲ ಚಿತ್ರಗಳನ್ನು ನೋಡಿ ಥಿಯೇಟರಿನಲ್ಲಿ ನಾವು ಅಳುವುದು, ನಗುವುದು ಮನಸ್ಸಿನ ಇಂಥ ಶಕ್ತಿಯಿಂದಲೇ.

ಕೋಲರ್ ಮುಂದೆ ಟೆನೆರಿಫ್ ದ್ವೀಪಕ್ಕೆ ಹೋಗಿ ಚಿಂಪಾಂಜಿಗಳ ನಡುವೆ ವರ್ಷಗಳನ್ನು ಕಳೆದರು. ಸುಲ್ತಾನ್ ಎಂಬ ಚಿಂಪಾಂಜಿಯ ಕೈಗೆ ಎರಡು ಕೋಲು. ಹಣ್ಣು ಯಾವುದಕ್ಕೂ ಎಟುಕದು. ಪ್ರಯತ್ನ, ಸೋಲು, ಆಟ. ಇದ್ದಕ್ಕಿದ್ದಂತೆ ಒಂದು ಕೋಲಿನ ತುದಿಯನ್ನು ಇನ್ನೊಂದರ ಟೊಳ್ಳಿಗೆ ತೂರಿಸಿ, ಉದ್ದದ ಕೋಲು ಮಾಡಿಕೊಂಡು ಅದು ಹಣ್ಣಿನತ್ತ ಓಡಿತು. ಹೊಳಹು ಎಂಬುದು ಕಣ್ಣೆದುರೇ ಮಿಂಚಿತ್ತು.

ಒಬ್ಬನ ಬದುಕಿನಿಂದ ಎಲ್ಲರ ಮಿದುಳಿಗೆ

ಸಿಗ್ಮಂಡ್ ಫ್ರಾಯ್ಡ್ ವಿಯೆನ್ನಾದಲ್ಲಿ ಒಬ್ಬೊಬ್ಬ ರೋಗಿಯ ಮಾತನ್ನೂ ದೀರ್ಘವಾಗಿ ಕೇಳುತ್ತ ಮನೋವಿಶ್ಲೇಷಣೆಯನ್ನು ಕಟ್ಟಿದರು. ಅವರ ಎಷ್ಟೋ ತೀರ್ಮಾನಗಳು ಪರೀಕ್ಷೆಗೆ ಸಿಕ್ಕುವಂಥವಲ್ಲ. ಆದರೂ ಒಬ್ಬ ವ್ಯಕ್ತಿಯನ್ನು ಆಳವಾಗಿ ನೋಡುವ ಪ್ರಕರಣ ಅಧ್ಯಯನ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದಕ್ಕೆ ಹೆನ್ರಿ ಮೊಲೈಸನ್ ಅವರ ಕಥೆ ಕೇಳಬೇಕು. ಮೂರ್ಛೆರೋಗ ತಡೆಯಲು 1953ರಲ್ಲಿ, 27ನೇ ವಯಸ್ಸಿನಲ್ಲಿ, ಅವರ ಮಿದುಳಿನ ಎರಡೂ ಬದಿಯ ಒಳಭಾಗಗಳನ್ನು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಹೊಸ ನೆನಪು ಕೂಡಿಡುವ ಶಕ್ತಿಯೇ ಹೋಯಿತು. ಈಗ ತಾನೇ ಮಾತಾಡಿ ಹೋದವರು ಮರಳಿ ಬಂದರೆ ಹೊಸಬರು!

ಮೊಲೈಸನ್ ಅವರ ಮುಂದೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಒಂದು ನಕ್ಷತ್ರದ ಚಿತ್ರ ಇಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತ ಅದರ ಅಂಚಿನ ಎರಡು ಗೆರೆಗಳ ನಡುವೆ ಪೆನ್ಸಿಲು ಎಳೆಯಬೇಕು. ಮೊದಲ ದಿನ ಕೈ ತಡವರಿಸಿತು, ತಪ್ಪಿನ ಮೇಲೆ ತಪ್ಪು. ಎರಡನೇ ದಿನ ತಪ್ಪು ಇಳಿಯಿತು. ಮೂರನೇ ದಿನ ಕೈ ಸಲೀಸಾಗಿ ಓಡಿತು. ಆದರೆ ಇಂಥದೊಂದನ್ನು ಎಂದಾದರೂ ಮಾಡಿದ ನೆನಪೇ ಅವರಿಗಿರಲಿಲ್ಲ! ನೆನಪು ಒಂದಲ್ಲ, ಹಲವು; ತಲೆ ಮರೆತದ್ದನ್ನು ಕೈ ಕಲಿತಿರಬಲ್ಲದು. ಗ್ರಂಥಾಲಯಗಟ್ಟಲೆ ವಾದಗಳಿಂದ ಬಗೆಹರಿಯದ ಸಂಗತಿಯನ್ನು ಪೆನ್ಸಿಲಿನ ಒಂದು ಗೆರೆ ತೋರಿಸಿತು. 2008ರಲ್ಲಿ ತೀರಿಕೊಳ್ಳುವವರೆಗೂ ಸಂಶೋಧಕರಿಗೆ ತಾಳ್ಮೆಯಿಂದ ನೆರವಾದ ಆ ಮನುಷ್ಯನಿಗೆ ನಾವೆಲ್ಲರೂ ಋಣಿಗಳು.

ಇದಕ್ಕೂ ಮೊದಲೇ ವರ್ತನಾವಾದದ ಮನೆಯೊಳಗಿನಿಂದಲೇ ಬಿರುಕು ಕಾಣಿಸಿತ್ತು. 1930ರಲ್ಲಿ ಎಡ್ವರ್ಡ್ ಟೋಲ್ಮನ್ ಮತ್ತು ಹಾಂಜಿಕ್ ಇಲಿಗಳನ್ನು ಕವಲುದಾರಿಗಳ ಜಾಲದಲ್ಲಿ ಬಿಟ್ಟರು. ಒಂದು ಗುಂಪಿಗೆ ಹತ್ತು ದಿನ ಯಾವ ಬಹುಮಾನವೂ ಇಲ್ಲ, ಸುಮ್ಮನೆ ಅಲೆದವು. ಹನ್ನೊಂದನೇ ದಿನ ಕೊನೆಯಲ್ಲಿ ಊಟ ಇಟ್ಟರು. ಮರುದಿನವೇ ಅವು ಮೊದಲಿನಿಂದ ಊಟ ಪಡೆದವಕ್ಕೆ ಸರಿಸಾಟಿಯಾಗಿ ಓಡಿದವು! ಸುಮ್ಮನೆ ಅಲೆದಾಗಲೇ ತಲೆಯೊಳಗೆ ನಕ್ಷೆ ಮೂಡಿತ್ತು. ಮನಸ್ಸಿನ ಒಳಗನ್ನು ಬಿಟ್ಟು ವರ್ತನೆಯನ್ನು ವಿವರಿಸುವುದು ಕಷ್ಟವಾಯಿತು. 1956ರಲ್ಲಿ ಜಾರ್ಜ್ ಮಿಲ್ಲರ್, ನಾವು ಒಮ್ಮೆಗೆ ಮನಸ್ಸಿನಲ್ಲಿ ಹಿಡಿಯಬಲ್ಲದ್ದು ಏಳರ ಆಸುಪಾಸಿನ ಸಂಗತಿಗಳು ಎಂದು ತೋರಿಸಿದರು. ಮುಂದಿನ ಸಂಶೋಧನೆ ಅದನ್ನು ನಾಲ್ಕರ ಹತ್ತಿರ ಇಳಿಸಿದೆ. ಅರಿವಿನ ಮನೋವಿಜ್ಞಾನ ಮನಸ್ಸನ್ನು ಮತ್ತೆ ಒಳಕ್ಕೆ ಕರೆದುಕೊಂಡಿತು, ಈ ಸಲ ಕೈಯಲ್ಲಿ ಬಿಗಿಯಾದ ಪ್ರಯೋಗಗಳೊಂದಿಗೆ.

ಲೈಪ್‌ಜಿಗ್‌ನಿಂದ ಮೈಸೂರಿಗೆ

ಈ ವಂಶಾವಳಿಯ ಒಂದು ಕೊಂಬೆ ನಮ್ಮ ಮನೆ ಬಾಗಿಲಿಗೇ ಬಂದಿದೆ! ವುಂಟ್ ಅವರ ಬಳಿ ಲೈಪ್‌ಜಿಗ್‌ನಲ್ಲಿ ಡಾಕ್ಟರೇಟ್ ಪಡೆದವರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಒಬ್ಬರು. ಬುದ್ಧಿಶಕ್ತಿಯ ಅಳತೆಗೆ ಸಹಸಂಬಂಧದ ಗಣಿತವನ್ನು ತಂದವರು ಅವರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತ ಎಂ. ವಿ. ಗೋಪಾಲಸ್ವಾಮಿ ಮೈಸೂರಿಗೆ ಮರಳಿ, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಆರಂಭವಾದ ಮನೋವಿಜ್ಞಾನ ವಿಭಾಗವನ್ನು ಬೆಳೆಸಿದರು. ಕಲ್ಕತ್ತಾದ ನಂತರ ಈ ದೇಶದಲ್ಲಿ ಈ ವಿಷಯಕ್ಕೆ ಬೇರು ಕೊಟ್ಟ ನೆಲ ಮೈಸೂರು. ವುಂಟ್, ಸ್ಪಿಯರ್‌ಮನ್, ಗೋಪಾಲಸ್ವಾಮಿ: ನಡುವೆ ಒಬ್ಬರೇ ಗುರು! ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ ಕನ್ನಡನಾಡಿಗೆ ‘ಆಕಾಶವಾಣಿ’ಯನ್ನು ಕೊಟ್ಟವರು. ಮುಂದೆ 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. ಆ ಸಂಸ್ಥೆಯೇ 1974ರಲ್ಲಿ ನಿಮ್ಹಾನ್ಸ್ ಆಯಿತು. ಮನಸ್ಸಿನ ಅಳತೆಯ ವಿದ್ಯೆ ಮನಸ್ಸಿನ ಆರೈಕೆಯ ವಿದ್ಯೆಯಾಗಿ ಇಲ್ಲಿ ದಿನವೂ ಜನರ ಕೈಹಿಡಿಯುತ್ತಿದೆ.

ಕೇಳುವ ಕಲೆ

ಸ್ಪಿಯರ್‌ಮನ್ ಬಳಸಿದ ಸಹಸಂಬಂಧ ಎರಡು ಸಂಗತಿಗಳು ಜೊತೆಜೊತೆಗೆ ಏರಿಳಿಯುತ್ತವೆಯೇ ಎಂದು ಹೇಳುತ್ತದೆ. ಯಾವುದರಿಂದ ಯಾವುದು ಎಂದು ಹೇಳುವುದಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಾದ ದೊಡ್ಡದಿರುವ ಮಕ್ಕಳು ಚೆನ್ನಾಗಿ ಓದುತ್ತಾರೆ. ಕಾರಣ ಪಾದವಲ್ಲ, ವಯಸ್ಸು. ಕಾರಣ ಬೇಕೆಂದರೆ ಪ್ರಯೋಗವೇ ಬೇಕು. ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಿಗೆ ಹಂಚಿ, ಒಂದೇ ಒಂದು ಅಂಶವನ್ನು ಬದಲಿಸಿ ನೋಡಬೇಕು.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಬದಲಿಸಿದ್ದು ಬರೀ ಒಂದು ಕ್ರಿಯಾಪದವನ್ನು. ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರಿಗೆ ಕಾರುಗಳು ‘ಅಪ್ಪಳಿಸಿದಾಗ’ ವೇಗ ಎಷ್ಟಿತ್ತು ಎಂದು ಕೇಳಿದರು, ಇನ್ನು ಕೆಲವರಿಗೆ ‘ತಾಗಿದಾಗ’ ಎಷ್ಟಿತ್ತು ಎಂದು. ಮೊದಲಿನವರ ಸರಾಸರಿ ಉತ್ತರ ಗಂಟೆಗೆ 40 ಮೈಲಿಗೂ ತುಸು ಹೆಚ್ಚು, ಎರಡನೆಯವರದು 31.8. ನೋಡಿದ್ದು ಅದೇ ಅಪಘಾತ! ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು ‘ಒಡೆದ ಗಾಜು ಕಂಡಿರಾ’ ಎಂದಾಗ, ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಹೌದೆಂದರು. ವೇಗದ ಪ್ರಶ್ನೆಯೇ ಕೇಳದವರಲ್ಲಿ ಹೌದೆಂದವರು 50ರಲ್ಲಿ ಆರು ಮಂದಿ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಕೋರ್ಟಿನ ಕಟಕಟೆಯಲ್ಲಿ ನಿಂತ ಪ್ರಾಮಾಣಿಕ ಸಾಕ್ಷಿಯ ನೆನಪೂ ಕೇಳಿದ ಪ್ರಶ್ನೆಯಿಂದಲೇ ತಿದ್ದಿಹೋಗಬಹುದು ಎಂಬುದು ಎಂಥ ಗಂಭೀರ ಸತ್ಯ!

ಕೊನೆಗೆ ಮನೋವಿಜ್ಞಾನ ಅದೇ ಕಠಿಣ ಕಣ್ಣನ್ನು ತನ್ನತ್ತ ತಿರುಗಿಸಿಕೊಂಡಿತು. ನೂರಾರು ಸಂಶೋಧಕರು ಸೇರಿ, ಪ್ರಸಿದ್ಧ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದರು. ಮೂಲದಲ್ಲಿ ಶೇಕಡ 97 ಅಧ್ಯಯನಗಳು ಪರಿಣಾಮ ಕಂಡಿದ್ದವು. ಮರುಪ್ರಯೋಗದಲ್ಲಿ ಹಾಗೆ ಕಂಡದ್ದು ಶೇಕಡ 36 ಮಾತ್ರ. 2015ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು. ಎಬಿಂಗ್‌ಹೌಸ್ ರೇಖೆ ಗೆದ್ದು ಬಂದದ್ದೂ ಅದೇ ವರ್ಷ. ಈ ಸುದ್ದಿ ಕೇಳಿ ಮನೋವಿಜ್ಞಾನದ ಮೇಲಿನ ಗೌರವ ಕಡಿಮೆಯಾಗಬೇಕಿಲ್ಲ. ತನ್ನ ಅಂಗಡಿಯ ತೂಕವನ್ನು ತಾನೇ ಸಾರ್ವಜನಿಕವಾಗಿ ತೂಗಿ ನೋಡುವ ಧೈರ್ಯ ಎಷ್ಟು ವಿದ್ಯೆಗಳಿಗಿದೆ? ಈಗ ಎಷ್ಟೋ ಸಂಶೋಧಕರು ಪ್ರಯೋಗ ಶುರುವಾಗುವ ಮೊದಲೇ ತಮ್ಮ ಊಹೆ, ವಿಧಾನಗಳನ್ನು ದಾಖಲಿಸಿಡುತ್ತಾರೆ. ಫಲಿತಾಂಶ ನೋಡಿ ಊಹೆಯನ್ನು ತಿದ್ದಿಕೊಳ್ಳಲು ಆಗದಂತೆ.

‘ಸಂಶೋಧನೆ ಹೇಳುತ್ತದೆ’ ಎಂದು ಶುರುವಾಗುವ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ನಮಗೆಲ್ಲ ದಿನವೂ ಬರುತ್ತವೆ. ಎಷ್ಟು ಜನರನ್ನು ನೋಡಿ ಹೇಳಿದರು? ಹೋಲಿಸಲು ಇನ್ನೊಂದು ಗುಂಪಿತ್ತೇ? ಅಳೆದವರಿಗೆ ಉತ್ತರ ಮೊದಲೇ ಗೊತ್ತಿತ್ತೇ? ಪ್ರಶ್ನೆಯಲ್ಲೇ ಉತ್ತರದ ಸುಳಿವಿತ್ತೇ? ಬೇರೆ ಯಾರಾದರೂ ಮತ್ತೆ ಮಾಡಿ ನೋಡಿದರೇ? ಈ ಐದು ಪ್ರಶ್ನೆಗಳನ್ನು ಗಳಿಸಲು ಮನುಷ್ಯಕುಲಕ್ಕೆ ಇನ್ನೂರು ವರ್ಷ ಹಿಡಿಯಿತು. ಕಲಿಯಲು ನಮಗೆ ಒಂದು ಸಂಜೆ ಸಾಕು. ಪಿಯುಸಿ ಓದುವ ಮಕ್ಕಳಿಗೆ ಪಂಥಗಳ ಹೆಸರು, ಇಸವಿಗಳ ಪಟ್ಟಿ ಕೊಡುವ ಮೊದಲು ಒಂದು ಸ್ಕೇಲು, ಒಂದು ಕನ್ನಡಿ, ಅರ್ಥವಿಲ್ಲದ ಉಚ್ಚಾರಗಳ ಒಂದು ಸಾಲು ಕೊಟ್ಟು ಅವರದೇ ಮನಸ್ಸನ್ನು ಅಳೆಯಲು ಬಿಡೋಣ. ಈ ವಿಜ್ಞಾನ ಕಲಿಯಲು ಬೇಕಾದ ಅತಿ ದೊಡ್ಡ ಉಪಕರಣ ಪ್ರತಿ ಮಗುವಿನ ಬಳಿಯೂ ಆಗಲೇ ಇದೆ!